ಬಾರ್‌ಕೋಡೇ, ಆರ್‌ಎಫ್‌ಐಡಿಯೇ: ಕಬ್ಬಿಣದ ಬೀರುವಿನ ಮುಂದೆ ನಿಂತು ಯೋಚಿಸಿದ್ದು

ಎರಡು ವರ್ಷಗಳ ಹಿಂದೆ ನಮ್ಮ ಕಾರ್ಖಾನೆಯ ಮೀಟಿಂಗ್ ರೂಮಿನಲ್ಲಿ ಒಬ್ಬ ಮಾರಾಟ ಪ್ರತಿನಿಧಿ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆಯನ್ನಿಟ್ಟು, ಅದನ್ನು ತೆರೆಯದೆಯೇ, ಪಿಸ್ತೂಲಿನ ಆಕಾರದ ರೀಡರ್ ಒಂದನ್ನು ಅದರತ್ತ ಹಿಡಿದು ಗುಂಡಿ ಒತ್ತಿದರು. ಎರಡು ಮೂರು ಸೆಕೆಂಡುಗಳಲ್ಲಿ ಪರದೆಯ ಮೇಲೆ 100 ಎಂದು ಮೂಡಿತು. ಪೆಟ್ಟಿಗೆಯೊಳಗೆ ಆರ್‌ಎಫ್‌ಐಡಿ ಟ್ಯಾಗ್, ಅಂದರೆ ರೇಡಿಯೋ ಅಲೆಯ ಮೂಲಕ ದೂರದಿಂದಲೇ ಓದಿಸಿಕೊಳ್ಳುವ ಗುರುತಿನ ಚೀಟಿ, ಅಂಟಿಸಿದ ನೂರು ಬಟ್ಟೆಯ ಚೀಲಗಳಿದ್ದವು, ಎಣಿಸಿ ನೋಡಿದಾಗ ಒಂದೂ ತಪ್ಪಿರಲಿಲ್ಲ. ಮಾಲೀಕರ ಮುಖ ಅರಳಿದ್ದನ್ನು ಕಂಡ ನನಗೆ ಖರೀದಿಯ ಆದೇಶ ಆಗಲೇ ಅರ್ಧ ಸಹಿಯಾದಂತೆ ತೋರಿತು. ಕಾರ್ಖಾನೆಯ ಯಂತ್ರೋಪಕರಣಗಳ ಲೆಕ್ಕವಿಡುವ ಆಸ್ತಿ ರಿಜಿಸ್ಟರನ್ನು ನೋಡಿಕೊಳ್ಳುವವನು ನಾನಾದ್ದರಿಂದ, ಇದೇ ರೀಡರನ್ನು ಮರುದಿನ ನಮ್ಮ ಸ್ಟೋರ್ಸಿನಲ್ಲಿ ತೋರಿಸಬೇಕೆಂದು ಮಾತ್ರ ಕೇಳಿಕೊಂಡೆ.

ನಮ್ಮದು ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆ. ವಾಲ್ವುಗಳಿಗೂ ಪಂಪುಗಳಿಗೂ ಬೇಕಾದ ಬಿಡಿಭಾಗಗಳನ್ನು ತಯಾರಿಸುತ್ತೇವೆ. ಸ್ಟೋರ್ಸಿನಲ್ಲಿ ಗೇಜುಗಳನ್ನು, ಅಂದರೆ ಬಿಡಿಭಾಗಗಳ ಅಳತೆ ನೋಡುವ ಉಪಕರಣಗಳನ್ನು, ಇಡುವ ಬೀರು ಕಬ್ಬಿಣದ್ದು, ಗೇಜುಗಳು ಉಕ್ಕಿನವು, ಪಕ್ಕದ ರ‍್ಯಾಕು ಕಬ್ಬಿಣದ್ದು, ಅದರ ಬುಡದಲ್ಲಿರುವುದು ಲೋಹ ಕೊರೆಯುವಾಗ ತಂಪಾಗಿಸಲು ಬಳಸುವ, ನೀರು ಬೆರೆಸಿದ ಕೂಲೆಂಟಿನ ಡ್ರಮ್ಮುಗಳು. ಪ್ರತಿನಿಧಿ ಕೊಟ್ಟ ಮಾದರಿ ಟ್ಯಾಗ್‌ಗಳನ್ನು ಅರವತ್ತು ಗೇಜುಗಳಿಗೆ ಅಂಟಿಸಿ ಬೀರುವಿನ ಬಾಗಿಲು ಹಾಕಿದೆವು. ರೀಡರ್ ತೋರಿಸಿದ ಸಂಖ್ಯೆ ಸೊನ್ನೆ. ಬಾಗಿಲು ತೆರೆದಾಗ 19 ಬಂತು. ರೀಡರನ್ನು ಆಚೀಚೆ ಆಡಿಸಿದಾಗ 26ಕ್ಕೆ ಏರಿತು, ಆದರೆ ಅವುಗಳಲ್ಲಿ ಮೂರು ಬೀರುವಿನಲ್ಲಿ ಇರಲೇ ಇಲ್ಲ. ಪ್ಲೈವುಡ್ ಗೋಡೆಯ ಆಚೆ ತಪಾಸಣೆಯವರ ಮೇಜಿನ ಮೇಲೆ ಉಳಿದಿದ್ದ ಟ್ಯಾಗ್‌ಗಳನ್ನು ರೀಡರ್ ಇಲ್ಲಿಂದಲೇ ಓದಿಬಿಟ್ಟಿತ್ತು. ಇರುವುದನ್ನು ಕಾಣದೆ, ಇಲ್ಲದ್ದನ್ನು ಕಂಡ ಆ ಯಂತ್ರವನ್ನು ನೋಡಿ ಸ್ಟೋರ್ಸಿನ ಹಿರಿಯರೊಬ್ಬರು, "ಸಾರ್, ಇದಕ್ಕೂ ಚಾಳೀಸು ಬಂದಿದೆ" ಎಂದರು.

ಆ ಪ್ರತಿನಿಧಿ ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಬಟ್ಟೆಯ ಚೀಲಕ್ಕೂ ಉಕ್ಕಿನ ಗೇಜಿಗೂ ಇರುವ ವ್ಯತ್ಯಾಸವೇ ಇಲ್ಲಿ ಎಲ್ಲವೂ. ದೂರದಿಂದ ಓದಿಸಿಕೊಳ್ಳುವ ಇಂತಹ ಟ್ಯಾಗ್‌ಗಳಿಗೆ ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿರುವ ತರಂಗಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಟ್ಯಾಗಿನಲ್ಲಿ ಬ್ಯಾಟರಿ ಇರುವುದಿಲ್ಲ. ರೀಡರ್ ಎರಚಿದ ಅಲೆಯಿಂದಲೇ ಅದರ ಚಿಪ್ ಒಂದಿಷ್ಟು ಶಕ್ತಿಯನ್ನು ಪಡೆದುಕೊಂಡು, ಅದೇ ಅಲೆಯನ್ನು ತನ್ನ ಸಂಖ್ಯೆಗೆ ತಕ್ಕಂತೆ ಏರಿಳಿಸಿ ಹಿಂದಕ್ಕೆ ಪ್ರತಿಫಲಿಸುತ್ತದೆ. ಸಾಮಾನ್ಯ ಟ್ಯಾಗನ್ನು ನೇರವಾಗಿ ಲೋಹದ ಮೈಗೆ ಅಂಟಿಸಿದರೆ ಅದರ ಆಂಟೆನಾ ಹದ ಕಳೆದುಕೊಂಡು ಮೂಕವಾಗುತ್ತದೆ. ನೀರು ಅಲೆಯನ್ನು ಹೀರಿಕೊಳ್ಳುತ್ತದೆ. ಮುಚ್ಚಿದ ಕಬ್ಬಿಣದ ಬೀರುವಿನೊಳಕ್ಕಂತೂ ಅಲೆ ನುಸುಳುವುದೇ ಇಲ್ಲ. ಲೋಹಕ್ಕೆಂದೇ ತಯಾರಿಸಿದ, ಕೆಳಗೆ ದಪ್ಪನೆಯ ಪದರವಿರುವ ಟ್ಯಾಗ್‌ಗಳಿವೆ, ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಅವುಗಳ ಬೆಲೆ ಸ್ಟಿಕರ್ ಟ್ಯಾಗಿನ ಹಲವು ಪಟ್ಟು, ಮತ್ತು ಕಿರುಬೆರಳಿನಷ್ಟಿರುವ ಪ್ಲಗ್ ಗೇಜಿನ ಮೇಲೆ ಅವನ್ನು ಕೂರಿಸುವ ಜಾಗವೇ ಇರುವುದಿಲ್ಲ.

ಇಷ್ಟಕ್ಕೂ ನಾವು ಈ ಹುಡುಕಾಟಕ್ಕೆ ಇಳಿದದ್ದು ಹೊಸ ಯಂತ್ರದ ಮೋಹದಿಂದಲ್ಲ. ಕಂಪನಿಗಳ ಆಡಿಟ್ ವರದಿಯ ಕುರಿತಾದ 2020ರ ಕಾರೋ ಆದೇಶದ ಮೊದಲ ಅಂಶವೇ ಸ್ಥಿರಾಸ್ತಿಯದು. ಕಂಪನಿಯು ತನ್ನ ಯಂತ್ರೋಪಕರಣಗಳ ಪೂರ್ಣ ವಿವರವನ್ನು, ಎಷ್ಟಿವೆ ಮತ್ತು ಎಲ್ಲಿವೆ ಎಂಬುದನ್ನೂ ಸೇರಿಸಿ, ದಾಖಲಿಸಿದೆಯೇ, ಸೂಕ್ತ ಅವಧಿಗೊಮ್ಮೆ ಅವುಗಳನ್ನು ಕಣ್ಣಾರೆ ಪರಿಶೀಲಿಸಿದೆಯೇ ಎಂದು ಲೆಕ್ಕಪರಿಶೋಧಕರು ವರದಿ ಮಾಡಬೇಕು. ನಮ್ಮಲ್ಲಿ "ಎಷ್ಟಿವೆ" ಎಂಬುದಕ್ಕೆ ಎಕ್ಸೆಲ್ ಹಾಳೆಯಲ್ಲಿ ಉತ್ತರವಿತ್ತು. "ಎಲ್ಲಿವೆ" ಎಂಬುದಕ್ಕೆ ಇದ್ದದ್ದು ಸ್ಟೋರ್ಸಿನವರ ಜ್ಞಾಪಕಶಕ್ತಿ ಮತ್ತು ವಸ್ತುವಿನ ಮೈಮೇಲೆ ನೀಲಿ ಎನಾಮಲ್ ಬಣ್ಣದಲ್ಲಿ ಬರೆದ ನಂಬರು.

ಇದರಲ್ಲಿ ಅತ್ಯಂತ ತಲೆನೋವಿನದು ಫಿಕ್ಸ್ಚರುಗಳ, ಅಂದರೆ ಕೆಲಸ ಮಾಡುವಾಗ ಬಿಡಿಭಾಗವನ್ನು ಅಲುಗದಂತೆ ಹಿಡಿದಿಡುವ ಸಾಧನಗಳ, ಲೆಕ್ಕ. ಹೊರಗಿನ ಜಾಬ್‌ವರ್ಕಿನವರಿಗೆ ಕೆಲಸ ಕೊಟ್ಟಾಗ ಅದರೊಂದಿಗೆ ನಮ್ಮ ಫಿಕ್ಸ್ಚರನ್ನೂ ಕಳುಹಿಸಿಕೊಡುತ್ತೇವೆ. ಜಿಎಸ್‌ಟಿ ಕಾಯ್ದೆಯ 143ನೆಯ ಸೆಕ್ಷನ್ನಿನ ಪ್ರಕಾರ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಹಿಂತಿರುಗಬೇಕು; ಆದರೆ ಅಚ್ಚು, ಡೈ, ಜಿಗ್, ಫಿಕ್ಸ್ಚರ್ ಮತ್ತು ಟೂಲುಗಳಿಗೆ ಈ ಗಡುವಿಲ್ಲ. ಕಾನೂನು ಅನುಕೂಲಕ್ಕೆಂದು ಕೊಟ್ಟ ಈ ವಿನಾಯಿತಿಯ ಫಲವಾಗಿ ಅವು ಎಲ್ಲಿವೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ತೆರಿಗೆ ಕಟ್ಟಬೇಕಾದೀತೆಂಬ ಭಯವಿರುವ ಸಾಮಗ್ರಿ ಗಡುವಿನ ಮುಂಚೆಯೇ ಮನೆಗೆ ಬರುತ್ತದೆ. ಭಯವಿಲ್ಲದ ಫಿಕ್ಸ್ಚರ್ ಯಾರದೋ ಶೆಡ್ಡಿನ ಮೂಲೆಯಲ್ಲಿ ಧೂಳು ಹೊದ್ದು ಕೂರುತ್ತದೆ.

ಬೀರುವಿನ ಮುಂದಿನ ಆ ಪ್ರಸಂಗದ ನಂತರ ನನಗೆ ಹೊಳೆದ ಹೋಲಿಕೆಯೊಂದಿದೆ. ನಮ್ಮೂರಿನ ಹಸುಗಳ ಕಿವಿಯಲ್ಲಿ ಹಳದಿ ಓಲೆಯೊಂದು ತೂಗುವುದನ್ನು ನೀವು ನೋಡಿರುತ್ತೀರಿ. ಅದರ ಮೇಲೆ 12 ಅಂಕಿಗಳ ಒಂದು ಸಂಖ್ಯೆ ಮತ್ತು ಬಾರ್‌ಕೋಡ್ ಇರುತ್ತವೆ. ಕಾರಿನ ಗಾಜಿನ ಮೇಲಿರುವ ಫಾಸ್ಟ್ಯಾಗ್ ಆರ್‌ಎಫ್‌ಐಡಿ. ಎರಡೂ ಸರ್ಕಾರ ದೇಶದುದ್ದಕ್ಕೂ ಅಂಟಿಸಿದ ಗುರುತುಗಳೇ. ಹಸುವಿಗೆ ಅಗ್ಗದ್ದು, ಕಾರಿಗೆ ದುಬಾರಿಯದು ಎಂಬ ತಾರತಮ್ಯವೆಂದು ಇದನ್ನು ಓದುವವರಿದ್ದಾರೆ, ನಾನು ಹಾಗೆ ಓದುವುದಿಲ್ಲ. ಲಸಿಕೆ ಹಾಕಲು ಬಂದ ಪಶುವೈದ್ಯರು ಹಸುವಿನ ಬಳಿಗೆ ಹೇಗೂ ಹೋಗಲೇಬೇಕು, ಮುಟ್ಟಲೇಬೇಕು, ನೋಡಲೇಬೇಕು. ಆ ಹೊತ್ತಿನಲ್ಲಿ ಕಿವಿಯೋಲೆಯನ್ನು ಓದುವುದು ಹೆಚ್ಚಿನ ಶ್ರಮವಲ್ಲ. ಟೋಲ್ ಗೇಟಿನಲ್ಲಿಯೋ, ವಾಹನಗಳು ತಾವಾಗಿ ಸಾಲುಗಟ್ಟಿ ಬರುತ್ತವೆ, ಎಲ್ಲವೂ ಒಂದೇ ಕಿಂಡಿಯ ಮೂಲಕ ಹಾಯುತ್ತವೆ, ಪ್ರತಿಯೊಂದನ್ನೂ ತಡೆದು ನಿಲ್ಲಿಸಿದರೆ ಅದೇ ನಷ್ಟ. ನಾವು ವಸ್ತುವಿನ ಬಳಿಗೆ ಹೋಗುತ್ತೇವೆಯೋ ಅಥವಾ ವಸ್ತು ನಮ್ಮ ಬಾಗಿಲಿನ ಮೂಲಕ ಹಾದುಹೋಗುತ್ತದೆಯೋ ಎಂಬ ಈ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ನಮ್ಮ ರಿಜಿಸ್ಟರನ್ನು ಮೊದಲಿನಿಂದ ಓದಿದೆ.

ರಿಜಿಸ್ಟರಿನಲ್ಲಿದ್ದದ್ದು ಸುಮಾರು 3,000 ವಸ್ತುಗಳು: ಯಂತ್ರಗಳು, ಮೋಟರುಗಳು, ಗೇಜುಗಳು, ಫಿಕ್ಸ್ಚರುಗಳು, ಲ್ಯಾಪ್‌ಟಾಪುಗಳು, ಮೇಜು ಕುರ್ಚಿಗಳು. ವರ್ಷಕ್ಕೊಮ್ಮೆ ಇಷ್ಟನ್ನೂ ನೋಡಬೇಕು. ಒಂದಕ್ಕೆ ಒಂದು ನಿಮಿಷವೆಂದರೂ 50 ಗಂಟೆ, ಅಂದರೆ ಒಬ್ಬರ ಆರೇಳು ದಿನಗಳ ಕೆಲಸ. ಆರ್‌ಎಫ್‌ಐಡಿಯಿಂದ ಅದು ಒಂದು ದಿನಕ್ಕೆ ಇಳಿದರೂ ನಮಗೆ ಉಳಿಯುವುದು ವರ್ಷಕ್ಕೆ ಐದಾರು ದಿನಗಳ ಕೂಲಿ. ಕೈಯಲ್ಲಿ ಹಿಡಿಯುವ ಒಂದು ರೀಡರಿಗೇ ಲಕ್ಷದ ಆಸುಪಾಸಿನ ಕೊಟೇಶನ್ ಬಂದಿತ್ತು. ಮೇಲಾಗಿ ವರ್ಷಾಂತ್ಯದ ಪರಿಶೀಲನೆಯಲ್ಲಿ ಕಾಲ ಹರಣವಾಗುವುದು ಸಿಕ್ಕ ವಸ್ತುವನ್ನು ಓದುವುದರಲ್ಲಿ ಅಲ್ಲ, ಸಿಗದ ವಸ್ತುವನ್ನು ಹುಡುಕುವುದರಲ್ಲಿ. ಒಂದು ಟ್ಯಾಗಿನ ಸಂಖ್ಯೆಯನ್ನು ಕೊಟ್ಟರೆ, ಹತ್ತಿರವಾದಂತೆಲ್ಲ ಜೋರಾಗಿ ಕೂಗಿ ದಾರಿ ತೋರುವ ಸೌಲಭ್ಯ ಆರ್‌ಎಫ್‌ಐಡಿ ರೀಡರುಗಳಲ್ಲಿದೆ, ಇದನ್ನು ಒಪ್ಪಿಕೊಳ್ಳಬೇಕು. ಕಡತಗಳ ಕೋಣೆಯಲ್ಲಿ, ಗ್ರಂಥಾಲಯದಲ್ಲಿ, ಬಟ್ಟೆಯ ಗೋದಾಮಿನಲ್ಲಿ ಅದು ವರದಾನವೇ. ನಮ್ಮ ಕಬ್ಬಿಣದ ಕಾಡಿನಲ್ಲಿ ಮಾತ್ರ ಆ ಕೂಗು ನಂಬುವಂತಿರಲಿಲ್ಲ.

ಇನ್ನೊಂದು ಕಾರಣ ನನಗೆ ಹಣಕ್ಕಿಂತ ದೊಡ್ಡದಾಗಿ ಕಂಡಿತು. ಆರ್‌ಎಫ್‌ಐಡಿ ಟ್ಯಾಗ್ ಸಾಕ್ಷಿ ಹೇಳುವುದು ಟ್ಯಾಗಿನ ಬಗ್ಗೆ ಮಾತ್ರ. ಲ್ಯಾಪ್‌ಟಾಪಿನಿಂದ ಕಿತ್ತ ಟ್ಯಾಗ್ ಡ್ರಾಯರಿನಲ್ಲಿ ಬಿದ್ದಿದ್ದರೂ ದೂರದ ರೀಡರಿಗೆ ಅದು "ಲ್ಯಾಪ್‌ಟಾಪ್ ಇದೆ" ಎಂದೇ ಹೇಳುತ್ತದೆ. ಬಾರ್‌ಕೋಡ್ ಓದಬೇಕಾದರೆ ಮನುಷ್ಯ ವಸ್ತುವಿನ ಎದುರು ನಿಲ್ಲಬೇಕು. ನಿಂತಾಗ ಗೇಜಿನ ದವಡೆ ಸವೆದದ್ದು, ಕ್ಯಾಲಿಬ್ರೇಶನ್ ಅವಧಿ ಮುಗಿದದ್ದು, ಯಂತ್ರದ ಕೆಳಗೆ ಎಣ್ಣೆ ಸೋರುತ್ತಿರುವುದು ಕಣ್ಣಿಗೆ ಬೀಳುತ್ತದೆ. ಹಾಗೆಂದು ಬಾರ್‌ಕೋಡಿನಲ್ಲಿ ಕಳ್ಳದಾರಿಯಿಲ್ಲವೆಂದಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಪ್ರತಿ ತಿಂಗಳೂ ಶೇಕಡ ನೂರರಷ್ಟು ಪರಿಶೀಲನೆ ಮುಗಿಯುತ್ತಿತ್ತು. ಆಮೇಲೆ ನೋಡಿದರೆ ಎಲ್ಲ ಲೇಬಲ್ಲುಗಳ ಜೆರಾಕ್ಸ್ ಪ್ರತಿಯನ್ನು ಒಂದು ಫೈಲಿನಲ್ಲಿಟ್ಟುಕೊಂಡು, ಫ್ಯಾನಿನ ಕೆಳಗೆ ಕುಳಿತು ಒಂದೊಂದನ್ನೇ ಸ್ಕ್ಯಾನ್ ಮಾಡುತ್ತಿದ್ದರು. ಈಗ ನಮ್ಮಲ್ಲಿ ಸ್ಕ್ಯಾನಿನ ಸಮಯವೂ ದಾಖಲಾಗುತ್ತದೆ. ಎರಡು ಶೆಡ್ಡುಗಳಲ್ಲಿರುವ ವಸ್ತುಗಳನ್ನು ನಾಲ್ಕು ಸೆಕೆಂಡುಗಳ ಅಂತರದಲ್ಲಿ ಯಾರಾದರೂ ಓದಿದ್ದರೆ ನಾನು ಹೋಗಿ ವಿಚಾರಿಸುತ್ತೇನೆ.

ಬಾರ್‌ಕೋಡ್ ಹಳತಾಯಿತು, ಆರ್‌ಎಫ್‌ಐಡಿಯೇ ಮುಂದಿನದು ಎಂಬ ಮಾತನ್ನೂ ಆ ಪ್ರತಿನಿಧಿ ಹೇಳಿದ್ದರು. ಬಾರ್‌ಕೋಡಿನ ಮೊದಲ ಪೇಟೆಂಟಿಗೆ ಅಮೆರಿಕದಲ್ಲಿ ವುಡ್‌ಲ್ಯಾಂಡ್ ಮತ್ತು ಸಿಲ್ವರ್ ಅರ್ಜಿ ಹಾಕಿದ್ದು 1949ರಲ್ಲಿ. ಪ್ರತಿಫಲಿತ ರೇಡಿಯೋ ಅಲೆಯಿಂದ ಸಂದೇಶ ಕಳುಹಿಸಬಹುದೆಂಬ ಹ್ಯಾರಿ ಸ್ಟಾಕ್‌ಮನ್ ಅವರ ಪ್ರಬಂಧ ಪ್ರಕಟವಾದದ್ದು 1948ರಲ್ಲಿ. ವಯಸ್ಸಿನ ಲೆಕ್ಕದಲ್ಲಿ ಆರ್‌ಎಫ್‌ಐಡಿಯೇ ಅಕ್ಕ. ನಾವು ಕೊನೆಗೆ ಆರಿಸಿಕೊಂಡ, ಬಾರ್‌ಕೋಡಿನದೇ ಚೌಕ ರೂಪವಾದ ಕ್ಯೂಆರ್ ಕೋಡ್ ಇವೆರಡಕ್ಕಿಂತ ಬಹಳ ಕಿರಿಯದು, 1994ರಲ್ಲಿ ಜಪಾನಿನ ಡೆನ್ಸೋ ಸಂಸ್ಥೆಯಲ್ಲಿ ವಾಹನ ಬಿಡಿಭಾಗಗಳ ಲೆಕ್ಕಕ್ಕಾಗಿಯೇ ಹುಟ್ಟಿದ್ದು. ಮೊಬೈಲ್ ಫೋನಿನ ಕ್ಯಾಮೆರಾ ಅದನ್ನು ಓದಬಲ್ಲದಾದ್ದರಿಂದ ಪ್ರತಿಯೊಬ್ಬ ಮೇಲ್ವಿಚಾರಕರ ಜೇಬಿನಲ್ಲಿಯೂ ಒಂದು ರೀಡರ್ ಇದ್ದಂತಾಯಿತು. ದೂರದಿಂದ ಓದುವ ಆರ್‌ಎಫ್‌ಐಡಿ ಟ್ಯಾಗನ್ನು ಸಾಮಾನ್ಯ ಫೋನುಗಳು ಓದುವುದಿಲ್ಲ, ಅವುಗಳಲ್ಲಿರುವುದು 13.56 ಮೆಗಾಹರ್ಟ್ಸಿನ, ಮುಟ್ಟಿಸಿದಷ್ಟು ಹತ್ತಿರದಿಂದ ಮಾತ್ರ ಓದುವ ಸೌಲಭ್ಯ. ಇದನ್ನು ತಿಳಿಯದೆ ಟ್ಯಾಗ್‌ಗಳನ್ನು ಕೊಂಡು, ಆಮೇಲೆ ಫೋನನ್ನು ಉಜ್ಜಿ ಉಜ್ಜಿ ನೋಡಿದವರನ್ನು ನಾನು ಬಲ್ಲೆ.

ನಿಜವಾದ ಕಷ್ಟ ಶುರುವಾದದ್ದು ಸ್ಟಿಕರಿನಲ್ಲಿ. ಇದರ ಬಗ್ಗೆ ಯಾವ ಮಾರಾಟದವರೂ ಮಾತನಾಡುವುದಿಲ್ಲ, ಏಕೆಂದರೆ ಸ್ಟಿಕರಿನಲ್ಲಿ ಲಾಭವಿಲ್ಲ. ಮೊದಲು ಅಂಗಡಿಯ ಬಿಲ್ಲಿನ ಕಾಗದದಂತೆ ಶಾಖದಿಂದಲೇ ಮುದ್ರಣವಾಗುವ ಲೇಬಲ್ಲುಗಳನ್ನು ಹಾಕಿದೆವು. ಅವು ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ಒಂದೇ ತಿಂಗಳಲ್ಲಿ ಕಪ್ಪಾದವು, ಕಿಟಕಿಯ ಬಳಿ ಬಿಳಿಚಿಕೊಂಡವು. ನಂತರ ರಿಬ್ಬನ್ನಿನಿಂದ ಮುದ್ರಿಸುವ ಕಾಗದದ ಲೇಬಲ್ಲುಗಳು ಬಂದವು. ಕೂಲೆಂಟು ತಾಗಿ, ಕಾಟನ್ ವೇಸ್ಟಿನಿಂದ ನಾಲ್ಕು ಸಲ ಒರೆಸಿಕೊಂಡು, ಅವೂ ಹೋದವು. ಕೊನೆಗೆ ನೆಲೆ ನಿಂತದ್ದು ಪಾಲಿಯೆಸ್ಟರ್ ಲೇಬಲ್ಲು, ಅದರ ಮೇಲೆ ರೆಸಿನ್ ರಿಬ್ಬನ್ನಿನ ಮುದ್ರಣ, ಅಂಟಿಸುವ ಮುಂಚೆ ಥಿನ್ನರಿನಿಂದ ಎಣ್ಣೆಯ ಪಸೆಯನ್ನು ತೆಗೆಯುವ ಶಿಸ್ತು. ಕ್ಯೂಆರ್ ಕೋಡಿನಲ್ಲಿ ತಪ್ಪು ತಿದ್ದುವ ನಾಲ್ಕು ಮಟ್ಟಗಳಿವೆ. ಅತಿ ಹೆಚ್ಚಿನ ಮಟ್ಟದಲ್ಲಿ ಮಾಹಿತಿಯ ಸುಮಾರು ಶೇಕಡ 30ರಷ್ಟು ಹಾಳಾದರೂ ಓದಲು ಬರುತ್ತದೆ. ನಾವು ಅದನ್ನೇ ಇಟ್ಟುಕೊಂಡೆವು, ಕೋಡಿನೊಳಗೆ ಆರು ಅಂಕಿಗಳ ಸಂಖ್ಯೆಯನ್ನು ಬಿಟ್ಟು ಬೇರೇನನ್ನೂ ತುಂಬಲಿಲ್ಲ. ವಸ್ತುವಿನ ಹೆಸರು, ಬೆಲೆ, ಖರೀದಿಯ ದಿನಾಂಕಗಳನ್ನೆಲ್ಲ ಕೋಡಿಗೇ ಸೇರಿಸಿದರೆ ಚುಕ್ಕಿಗಳು ಸಣ್ಣವಾಗುತ್ತವೆ, ಮತ್ತು ವಿಭಾಗ ಬದಲಾದ ದಿನವೇ ಸ್ಟಿಕರ್ ಸುಳ್ಳು ಹೇಳತೊಡಗುತ್ತದೆ.

ಸ್ಟಿಕರಿನ ಆಯುಸ್ಸನ್ನೂ ವಸ್ತುವಿನ ಆಯುಸ್ಸಿನೊಂದಿಗೆ ತೂಗಿ ನೋಡಬೇಕು. ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ಸವಕಳಿಯ ಲೆಕ್ಕಕ್ಕೆಂದು ಲ್ಯಾಪ್‌ಟಾಪಿಗೆ 3 ವರ್ಷ, ಪೀಠೋಪಕರಣಗಳಿಗೆ 10 ವರ್ಷ, ಸಾಮಾನ್ಯ ಯಂತ್ರಗಳಿಗೆ 15 ವರ್ಷ ಬಾಳಿಕೆಯನ್ನು ಹೇಳುತ್ತದೆ. ಲ್ಯಾಪ್‌ಟಾಪಿಗೆ ಪಾಲಿಯೆಸ್ಟರ್ ಸಾಕು. ಲೇತಿನ ಮೇಲೆ ಹದಿನೈದು ವರ್ಷ ಯಾವ ಅಂಟೂ ನಿಲ್ಲಲಾರದೆಂದು ಯಂತ್ರಗಳಿಗೆ ಅಲ್ಯೂಮಿನಿಯಮ್ ತಗಡಿನ ಫಲಕ ಮಾಡಿಸಿ ರಿವೆಟ್ ಹೊಡೆಸಿದೆವು. ಸಣ್ಣ ಗೇಜುಗಳಿಗೆ ಲೇಸರಿನಿಂದ, ಕ್ಯೂಆರ್‌ನಂಥದೇ ಚುಕ್ಕಿಗಳ ಡೇಟಾ ಮ್ಯಾಟ್ರಿಕ್ಸ್ ಕೋಡನ್ನು ಉಕ್ಕಿನ ಮೇಲೆಯೇ ಕೊರೆಸಿದೆವು. ಅದು ಕೆಲವು ಮಿಲಿಮೀಟರ್ ಜಾಗದಲ್ಲಿಯೂ ಹಿಡಿಸುತ್ತದೆ. ಅಂಟಿಸುವ ಜಾಗದ ಬಗ್ಗೆಯೂ ಒಂದು ಪಾಠವಾಯಿತು. ಒಂದು ಮಿಲ್ಲಿಂಗ್ ಯಂತ್ರದ ಫಲಕವನ್ನು ಅದರ ಎಲೆಕ್ಟ್ರಿಕಲ್ ಪ್ಯಾನೆಲ್ಲಿನ ಬಾಗಿಲಿಗೆ ಹೊಡೆಸಿದ್ದೆವು. ರಿಪೇರಿಯ ಸಮಯದಲ್ಲಿ ಪಕ್ಕದ ಯಂತ್ರದ ಬಾಗಿಲು ಇದಕ್ಕೆ, ಇದರ ಬಾಗಿಲು ಅದಕ್ಕೆ ಬಂದು, ಏಳು ತಿಂಗಳು ಎರಡು ಯಂತ್ರಗಳೂ ಒಂದರ ಹೆಸರಿನಲ್ಲಿ ಇನ್ನೊಂದು ಬದುಕಿದವು. ತಿರುಪು ಬಿಚ್ಚಿ ತೆಗೆಯಬಹುದಾದ ಯಾವ ಭಾಗದ ಮೇಲೂ ಗುರುತು ಹಾಕಬಾರದೆಂಬ ನಿಯಮ ಅಂದಿನಿಂದ ನಮ್ಮಲ್ಲಿದೆ.

ಇಷ್ಟೆಲ್ಲ ಆದ ಮೇಲೂ ನಾವು ಆರ್‌ಎಫ್‌ಐಡಿಯನ್ನು ಕೊಂಡೆವು. ಎಲ್ಲಿಗೆಂದರೆ, ಗೇಟಿಗೆ.

ಗ್ರಾಹಕರ ಕಾರ್ಖಾನೆಗೆ ಬಿಡಿಭಾಗಗಳನ್ನು ಕಳುಹಿಸುವ 600 ಪ್ಲಾಸ್ಟಿಕ್ ಕ್ರೇಟುಗಳು ಮತ್ತು 40 ಕಬ್ಬಿಣದ ಟ್ರಾಲಿಗಳು ನಮ್ಮಲ್ಲಿವೆ. ಇವು ದಿನವೂ ಹೋಗುತ್ತವೆ, ಖಾಲಿಯಾಗಿ ಹಿಂತಿರುಗುತ್ತವೆ, ಮತ್ತು ದಾರಿಯಲ್ಲೆಲ್ಲೋ ಕಡಿಮೆಯಾಗುತ್ತವೆ. ಹೋಗುವವು ನೂರು, ಬರುವವು ನೂರು ಎಂದುಕೊಂಡರೂ ದಿನಕ್ಕೆ 200 ಓದು, 300 ಕೆಲಸದ ದಿನಗಳಿಗೆ 60,000. ರಿಜಿಸ್ಟರಿನ ಮೂರು ಸಾವಿರ ವಸ್ತುಗಳು ವರ್ಷಕ್ಕೆ ಬೇಡುವುದು ಮೂರು ಸಾವಿರ ಓದು. ಈ ಆರುನೂರು ಕ್ರೇಟುಗಳು ಬೇಡುವುದು ಅದರ ಇಪ್ಪತ್ತು ಪಟ್ಟು. ಒಂದು ವರ್ಷ ಬಾರ್‌ಕೋಡಿನಿಂದಲೇ ಪ್ರಯತ್ನಿಸಿದ್ದೆವು. ಸಂಜೆ ಆರರ ಹೊತ್ತಿಗೆ ಮೂರು ಲಾರಿಗಳು ಒಟ್ಟಿಗೆ ಹಾರನ್ ಹೊಡೆಯುವಾಗ ಸೆಕ್ಯುರಿಟಿಯವರು ಮೇಲಿನ ನಾಲ್ಕು ಕ್ರೇಟುಗಳನ್ನು ಸ್ಕ್ಯಾನ್ ಮಾಡಿ ಉಳಿದದ್ದನ್ನು ಕಣ್ಣಂದಾಜಿನಲ್ಲಿ ಬರೆಯುತ್ತಿದ್ದರು. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಮಾಡುತ್ತಿದ್ದೆ.

ಗೇಟಿನ ಎರಡು ಬದಿಗೆ ಆಂಟೆನಾ ನಿಲ್ಲಿಸಿದ ಮೊದಲ ವಾರ ಲೆಕ್ಕ ವಿಪರೀತವಾಯಿತು. ಗೇಟಿನ ಬಳಿ ನೆರಳಿಗೆಂದು ನಿಲ್ಲಿಸಿದ್ದ ಒಂದು ಟ್ರಾಲಿ ಒಂದೇ ಮಧ್ಯಾಹ್ನದಲ್ಲಿ ನೂರಾರು ಸಲ ಒಳಗೆ ಬಂದಿತ್ತೆಂದು ಕಂಪ್ಯೂಟರ್ ಹೇಳಿತು. ಆಂಟೆನಾದ ಶಕ್ತಿಯನ್ನು ತಗ್ಗಿಸಿ, ಗೇಟಿನ ಒಳಬದಿಗೂ ಹೊರಬದಿಗೂ ಒಂದೊಂದು ಬೆಳಕಿನ ಸೆನ್ಸರ್ ಇಟ್ಟು, ಎರಡರ ಬೆಳಕಿಗೂ ಒಂದಾದ ಮೇಲೊಂದು ಅಡ್ಡ ಬಂದಾಗ ಮಾತ್ರ ಎಣಿಸುವಂತೆ ಮಾಡಿದ ಮೇಲೆ ಅದು ಸರಿಹೋಯಿತು. ಆಮೇಲೆ ಎದುರಾದದ್ದು ಹಳೆಯ ಶತ್ರು: ಉಕ್ಕಿನ ಬಿಡಿಭಾಗಗಳನ್ನು ತುಂಬಿಕೊಂಡು ಹೊರಗೆ ಹೋಗುವ ಕ್ರೇಟುಗಳ ರಾಶಿಯಲ್ಲಿ ನಡುವಿನವು ಓದಿಸಿಕೊಳ್ಳುತ್ತಿರಲಿಲ್ಲ. ಖಾಲಿಯಾಗಿ ಹಿಂತಿರುಗುವ ಕ್ರೇಟುಗಳು, ಎಲ್ಲವೂ ಪ್ಲಾಸ್ಟಿಕ್ಕಾದ್ದರಿಂದ, ಒಂದೂ ತಪ್ಪುತ್ತಿರಲಿಲ್ಲ. ಬಹಳ ಹೆಣಗಾಡಿ ಕೊನೆಗೆ ನಾವು ಹಟ ಬಿಟ್ಟೆವು. ತುಂಬಿದ ಕ್ರೇಟನ್ನು ಪ್ಯಾಕಿಂಗಿನವರು ಹೇಗೂ ಒಂದೊಂದಾಗಿ ಕೈಯಿಂದ ಎತ್ತಿಡುತ್ತಾರೆ, ಡೆಲಿವರಿ ಚಲನ್ ಆಗಲೇ ತಯಾರಾಗುತ್ತದೆ. ಆದ್ದರಿಂದ ಅಲ್ಲಿ ಟ್ಯಾಗಿನ ಮೇಲೆಯೇ ಮುದ್ರಿಸಿದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುತ್ತಾರೆ. ಖಾಲಿ ಬರುವುದನ್ನು ಮಾತ್ರ ಗೇಟು ತಾನೇ ಎಣಿಸುತ್ತದೆ. ಚಿಪ್ಪಿನೊಳಗಿನ ಸಂಖ್ಯೆ, ಕೋಡಿನೊಳಗಿನ ಸಂಖ್ಯೆ, ಅದರ ಕೆಳಗೆ ಕಣ್ಣಿಗೆ ಕಾಣುವ ದಪ್ಪ ಅಂಕಿಗಳ ಸಂಖ್ಯೆ ಮೂರೂ ಒಂದೇ. ಕರೆಂಟು ಹೋದ ದಿನ ಮೂರನೆಯದೇ ಕೈ ಹಿಡಿಯುತ್ತದೆ.

ಟ್ರಾಲಿಗಳಿಗೆ ಲೋಹದ ಮೇಲೆ ನಿಲ್ಲುವ ದುಬಾರಿ ಟ್ಯಾಗನ್ನೇ ಹಾಕಿದೆವು; ನಲವತ್ತಕ್ಕೆ ಆ ಖರ್ಚು ತಡೆಯುತ್ತದೆ. ಕ್ರೇಟುಗಳ ವಿಷಯದಲ್ಲಿ, ಮೂರು ತಿಂಗಳ ಲೆಕ್ಕವನ್ನು ದಿನಾಂಕ ಸಹಿತ ಮುಂದಿಟ್ಟಾಗ ಗ್ರಾಹಕರೊಬ್ಬರು ತಮ್ಮ ಗೋದಾಮಿನ ಹಿಂದಿನಿಂದ 70ಕ್ಕೂ ಹೆಚ್ಚು ಕ್ರೇಟುಗಳನ್ನು ಹುಡುಕಿ ಕಳುಹಿಸಿದರು. ಅದುವರೆಗೆ ಅದೇ ಮಾತನ್ನು ನಾವು ಎಷ್ಟೋ ಸಲ ಬಾಯಿಮಾತಿನಲ್ಲಿ ಹೇಳಿದ್ದೆವು.

ಉಳಿದಿರುವುದು ಜಾಬ್‌ವರ್ಕಿನವರ ಬಳಿಯಿರುವ ಫಿಕ್ಸ್ಚರುಗಳು. ಅಲ್ಲಿ ನಮ್ಮ ಗೇಟಿಲ್ಲ, ನಮ್ಮ ರೀಡರಿಲ್ಲ, ಪ್ರತಿ ಶೆಡ್ಡಿಗೂ ಹೋಗಿಬರುವಷ್ಟು ಜನವೂ ನಮ್ಮಲ್ಲಿಲ್ಲ. ಹಾಗಾಗಿ ಪ್ರತಿ ತಿಂಗಳ ಕೊನೆಯ ಶನಿವಾರ ಫಿಕ್ಸ್ಚರಿನ ಫೋಟೋ ಒಂದನ್ನು, ಅದರ ಕೋಡ್ ಕಾಣುವಂತೆ, ವಾಟ್ಸಾಪಿನಲ್ಲಿ ಕಳುಹಿಸಬೇಕೆಂದು ಕೇಳಿಕೊಂಡಿದ್ದೇವೆ. ಕೋಡನ್ನು ಆ ಚಿತ್ರದಿಂದಲೇ ಓದಿ ದಾಖಲಿಸುತ್ತೇವೆ. ಹೋದ ತಿಂಗಳು ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಿಂದ ಬಂದ ಚಿತ್ರದಲ್ಲಿ ಕೋಡ್ ಸ್ಪಷ್ಟವಾಗಿತ್ತು, ಕಂಪ್ಯೂಟರ್ ಅದನ್ನು ಒಪ್ಪಿಕೊಂಡು ಮುಂದಿನದಕ್ಕೆ ಹೋಯಿತು. ನಾನು ಮಾತ್ರ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಹಿಂದುಗಡೆ ಗೋಡೆಗೆ ಒರಗಿಸಿಟ್ಟಿದ್ದ ಇನ್ನೊಂದು ಫಿಕ್ಸ್ಚರ್, ಸ್ಟಿಕರಿಲ್ಲದ್ದು, ನಾಲ್ಕು ವರ್ಷಗಳ ಹಿಂದೆ ಕಳೆದುಹೋಯಿತೆಂದು ನಾನೇ ಲೆಕ್ಕದಿಂದ ತೆಗೆದುಹಾಕಿದ್ದು. ಅದರ ಮೈಮೇಲಿನ ನೀಲಿ ಎನಾಮಲ್ ನಂಬರು ಇನ್ನೂ ಓದುವಂತಿತ್ತು.